ಎರಡನೇ ಉತ್ತರಾನೂ ಕೇಳಿ: ಪೀಣ್ಯದ ಒಂದು ರಫ್ತು ಕಂಪನಿಯ ಸಪ್ಲೈ ಚೈನ್ ಪ್ರಕರಣ

ಪೀಣ್ಯ ಎರಡನೇ ಹಂತದಲ್ಲಿರೋ ಒಂದು ಮಧ್ಯಮ ಗಾತ್ರದ ಕಂಪನಿ ಇದು. ಹೈಡ್ರಾಲಿಕ್ ವಾಲ್ವ್, ಮ್ಯಾನಿಫೋಲ್ಡ್ ಬ್ಲಾಕ್, ಪಂಪ್ ಬಿಡಿಭಾಗ ಮಾಡ್ತಾರೆ. ಕಾಸ್ಟಿಂಗ್ ಬೆಳಗಾವಿ ಮತ್ತೆ ಕೊಯಮತ್ತೂರಿನ ಫೌಂಡ್ರಿಗಳಿಂದ ಬರುತ್ತೆ, ಸೊಲೆನಾಯ್ಡ್ ಕಾಯಿಲ್ (ವಾಲ್ವ್ ತೆರೆದು ಮುಚ್ಚೋ ವಿದ್ಯುತ್ ಸುರುಳಿ) ತೈವಾನಿಂದ, ಸೀಲ್ ಕಿಟ್ ಜರ್ಮನಿಯಿಂದ. ಮಾಲು ಹೋಗೋದು ದಕ್ಷಿಣ ಜರ್ಮನಿ ಕಡೆಗೆ, ಅಮೆರಿಕದ ಮಧ್ಯಪಶ್ಚಿಮಕ್ಕೆ, ಆಮೇಲೆ ದೇಶದೊಳಗೆ ಪುಣೆ, ಚೆನ್ನೈ, ದೆಹಲಿ ಸುತ್ತಮುತ್ತ. ಆರ್ಡರ್ ಏರಿ ಇರೋ ಶೆಡ್ ಸಾಲ್ತಿರಲಿಲ್ಲ, ಯೂರೋಪಿನವರು ಬೇರೆ ಆರ್ಡರ್ ಕೊಟ್ಟ ಎರಡು ವಾರದಲ್ಲಿ ಮಾಲು ಕೈಗೆ ಸಿಗಬೇಕು ಅಂತ ಪಟ್ಟು ಹಿಡಿದಿದ್ರು. ಓನರ್ ಹತ್ರ ಪ್ಲಾನ್ ರೆಡಿ ಇತ್ತು: ತುಮಕೂರು ಹತ್ರ ವಸಂತನರಸಾಪುರದಲ್ಲಿ ಎರಡನೇ ಪ್ಲಾಂಟ್, ಯೂರೋಪಲ್ಲಿ ಒಂದು ಗೋಡೌನ್, ಅಮೆರಿಕದಲ್ಲಿ ಇನ್ನೊಂದು. "ಇದು ಸರಿ ಇದ್ಯಾ ಅಂತ ಲೆಕ್ಕ ಹಾಕಿ ಹೇಳಿ ಸಾರ್" ಅಂತ ನನ್ನ ಹತ್ರ ಬಂದ್ರು.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಕಂಪನಿ ಗುರುತು ಸಿಗಬಾರದು ಅಂತ ಅವರ ಅಂಕಿಗಳನ್ನೆಲ್ಲ ಬದಲಿಸಿ ದುಂಡು ಮಾಡಿದೀನಿ, ಹಾಗಾಗಿ ಇಲ್ಲಿರೋ ರೂಪಾಯಿ, ಪೀಸು, ದಿನದ ಲೆಕ್ಕ ಎತ್ತಿಕೊಂಡು ನಿಮ್ಮ ಫೈಲಿಗೆ ಹಾಕಬೇಡಿ, ಲೆಕ್ಕ ಹಾಕಿದ ದಾರಿ ಮಾತ್ರ ತಗೊಳ್ಳಿ. ಕಾನೂನು, ತಾರೀಖು, ಒಪ್ಪಂದಗಳ ವಿಷಯ ಮಾತ್ರ ಇದ್ದಿದ್ದು ಇದ್ದಂಗೇ ಇದೆ.

ಇಂಥ ಕೆಲಸದಲ್ಲಿ ಎಲ್ಲರೂ ಸಾಲ್ವರ್, ಅಂದ್ರೆ ಅತಿ ಒಳ್ಳೇ ಆಯ್ಕೆ ಹುಡುಕಿ ಕೊಡೋ ಸಾಫ್ಟ್‌ವೇರ್, ಕೊಡೋ ಮೊದಲ ಉತ್ತರ ತಗೊಂಡು ಎದ್ದು ಹೋಗ್ತಾರೆ. ನನ್ನ ಪ್ರಕಾರ ಅಲ್ಲೇ ಕೆಲಸ ಹಾಳಾಗೋದು. ಎರಡನೇ ಉತ್ತರ ಏನು, ಮೂರನೇದು ಏನು, ಮೊದಲನೇದಕ್ಕೂ ಅವಕ್ಕೂ ಎಷ್ಟು ರೂಪಾಯಿ ವ್ಯತ್ಯಾಸ, ಆ ವ್ಯತ್ಯಾಸ ನಮ್ಮ ಅಂದಾಜಿನ ತಪ್ಪಿಗಿಂತ ದೊಡ್ಡದಾ ಚಿಕ್ಕದಾ, ಇಷ್ಟು ಗೊತ್ತಾಗದೆ ಕೋಟಿಗಟ್ಟಲೆ ದುಡ್ಡು ನೆಲಕ್ಕೆ ಹಾಕೋಕೆ ಹೋಗಬಾರದು. ಈ ಪ್ರಕರಣದಲ್ಲಿ ಅದು ತುಂಬಾ ಸ್ಪಷ್ಟವಾಗಿ ಕಾಣ್ಸತ್ತೆ, ಅದಕ್ಕೇ ಪೂರ್ತಿ ಬರೀತಿದೀನಿ.

ಮಾಡೆಲ್ ವಿಷಯಕ್ಕೆ ಬರೋಣ. ತೀರ್ಮಾನಗಳಲ್ಲಿ ಎರಡು ಜಾತಿ. ತೆರೀಬೇಕಾ ಬೇಡ್ವಾ ಅನ್ನೋದು ಒಂದು, ಅದು 0 ಅಥವಾ 1. ಯಾವ ದಾರೀಲಿ ಎಷ್ಟು ಮಾಲು ಅನ್ನೋದು ಇನ್ನೊಂದು, ಅದು ಎಷ್ಟು ಬೇಕಾದ್ರೂ ಇರಬಹುದು. ಎರಡೂ ಸೇರಿದ್ರೆ ಮಿಕ್ಸ್ಡ್ ಇಂಟಿಜರ್ ಲೀನಿಯರ್ ಪ್ರೋಗ್ರಾಮ್. ಇದು ಹೊಸದೇನಲ್ಲ, 1974ರಲ್ಲೇ ಆರ್ಥರ್ ಜೆಫ್ರಿಯನ್ ಮತ್ತೆ ಗ್ಲೆನ್ ಗ್ರೇವ್ಸ್ ಹಂಟ್-ವೆಸನ್ ಫುಡ್ಸ್ ಅನ್ನೋ ಅಮೆರಿಕದ ಆಹಾರ ಕಂಪನಿಗೆ 17 ಸರಕು ವರ್ಗ, 14 ಪ್ಲಾಂಟ್, ಗೋಡೌನ್ ಆಗಬಹುದಾದ 45 ಜಾಗ, 121 ಗ್ರಾಹಕ ವಲಯ ಇಟ್ಕೊಂಡು ಬಿಡಿಸಿ ತೋರಿಸಿದ್ರು, ಅದೂ ಆ ಕಾಲದ ಕಂಪ್ಯೂಟರಲ್ಲಿ. ನಮ್ಮದು ಅದಕ್ಕಿಂತ ಚಿಕ್ಕದು. ಪೈಥಾನ್, ಪಲ್ಪ್ ಲೈಬ್ರರಿ, ಎಡಿನ್‌ಬರೋ ವಿಶ್ವವಿದ್ಯಾಲಯದಿಂದ ಬಂದ ಹೈಸ್ ಅನ್ನೋ ಉಚಿತ ಸಾಲ್ವರ್, ಇಷ್ಟೇ ಸಾಕಾಯ್ತು, ಲೈಸೆನ್ಸಿಗೆ ಅಂತ ಒಂದು ರೂಪಾಯಿ ಖರ್ಚಾಗಲಿಲ್ಲ.

ಪ್ಲಾಂಟಿಗೆ ಮೂರು ಆಯ್ಕೆ (ಬೇಡ, ಹೊಸೂರು, ವಸಂತನರಸಾಪುರ), ಯೂರೋಪಿಗೆ ನಾಲ್ಕು (ಬೇಡ, ರೋಟರ್‌ಡ್ಯಾಮ್, ಹ್ಯಾಂಬರ್ಗ್, ಎರಡೂ), ಅಮೆರಿಕಕ್ಕೆ ಮೂರು. ಗುಣಿಸಿದ್ರೆ 36. "ಮೂವತ್ತಾರೇ ತಾನೆ, ಎಕ್ಸೆಲ್‌ನಲ್ಲೇ ಹಾಕಬಹುದಲ್ಲ" ಅಂತ ಅಕೌಂಟ್ಸ್ ನೋಡ್ಕೊಳ್ಳೋ ಹುಡುಗ ಕೇಳ್ದ, ಕೇಳಬೇಕಾದ ಪ್ರಶ್ನೇನೇ. ತೊಡಕು ಎಲ್ಲಿ ಅಂದ್ರೆ ಅವರ ಹತ್ರ 24 ಪ್ರಾಡಕ್ಟ್ ಫ್ಯಾಮಿಲಿ ಇದೆ, ಒಂದೊಂದನ್ನೂ ಹೊಸ ಜಾಗಕ್ಕೆ ಕಳಿಸಬೇಕಾ ಇಲ್ಲೇ ಇಟ್ಕೋಬೇಕಾ ಅಂತ ಬೇರೆ ಬೇರೆ ತೀರ್ಮಾನ ಆಗಬೇಕು, ಯಾಕಂದ್ರೆ ಜಾಗ ಬದಲಾದ್ರೆ ವಿದೇಶಿ ಗ್ರಾಹಕರು ಪಿಪಿಎಪಿ (ಬಿಡಿಭಾಗಕ್ಕೆ ಗ್ರಾಹಕರು ಕೊಡೋ ಒಪ್ಪಿಗೆಯ ಪ್ರಕ್ರಿಯೆ) ಮತ್ತೆ ಮಾಡಿಸ್ತಾರೆ, ಸ್ಯಾಂಪಲ್, ಅಳತೆ ರಿಪೋರ್ಟ್, ಆಡಿಟ್, ಎಲ್ಲದಕ್ಕೂ ಫ್ಯಾಮಿಲಿಗೆ ಇಷ್ಟು ಅಂತ ಖರ್ಚಿದೆ. 24 ಹೌದು-ಅಲ್ಲ ತೀರ್ಮಾನ ಅಂದ್ರೆ 1 ಕೋಟಿ 67 ಲಕ್ಷಕ್ಕೂ ಜಾಸ್ತಿ ಕಾಂಬಿನೇಷನ್, ಅದನ್ನ 36ರಿಂದ ಗುಣಿಸಿ. ಎಕ್ಸೆಲ್ ಅಲ್ಲಿಗೆ ಮುಗೀತು.

ಮಾಡೆಲ್ ಬರೆಯೋರಿಗೆ ಅಂತ ಇಲ್ಲಿ ಒಂದು ವಿಷಯ. ಗೋಡೌನ್ ತೆರೆದಿದ್ರೆ ಮಾತ್ರ ಅಲ್ಲಿಂದ ಮಾಲು ಹೋಗಬೇಕು ಅನ್ನೋ ನಿಯಮಾನ "ಮಾಲು ≤ ದೊಡ್ಡ ಸಂಖ್ಯೆ × ತೆರೆದಿದ್ಯಾ" ಅಂತ ಬರೀತೀವಲ್ಲ, ಆ ದೊಡ್ಡ ಸಂಖ್ಯೆಗೆ ಜನ ಸುಮ್ಮನೆ 10 ಲಕ್ಷ ಅಂತ ಹೊಡೆದು ಬಿಟ್ಬಿಡ್ತಾರೆ. ಗೋಡೌನಿನ ವರ್ಷದ ಖರ್ಚು 90 ಲಕ್ಷ, ಅಲ್ಲಿಂದ ಹೋಗೋ ಮಾಲು 20,000 ಪೀಸು ಅಂತ ಇಟ್ಕೊಳ್ಳಿ. ಸಾಲ್ವರ್ ಮೊದಲು 0-1 ಅನ್ನೋ ಷರತ್ತು ಸಡಿಲ ಮಾಡಿ ನೋಡುತ್ತೆ, ಆಗ ಅದಕ್ಕೆ 0.02 ಭಾಗ ಗೋಡೌನ್ ತೆರೆದ್ರೆ ಸಾಕು ಅನ್ಸತ್ತೆ, ಖರ್ಚು ಬರೀ 1.8 ಲಕ್ಷ. ಸತ್ಯಕ್ಕೂ ಆ ಅಂದಾಜಿಗೂ ಐವತ್ತು ಪಟ್ಟು ಅಂತರ, ಆ ಅಂತರ ಮುಚ್ಚೋಕೆ ಅದು ಕವಲು ಮೇಲೆ ಕವಲು ಹುಡುಕ್ತಾ ಗಂಟೆಗಟ್ಟಲೆ ಓಡುತ್ತೆ. ಅದೇ ಜಾಗದಲ್ಲಿ ಆ ಗೋಡೌನಿನ ನಿಜವಾದ ಗರಿಷ್ಠ ಬೇಡಿಕೆ 20,000 ಅಂತ ಹಾಕಿ, ಮೊದಲ ಅಂದಾಜಲ್ಲೇ ಪೂರ್ತಿ 90 ಲಕ್ಷ ಕಾಣ್ಸತ್ತೆ. ಇನ್ನೂ ಒಳ್ಳೇದು ಅಂದ್ರೆ ಪ್ರತಿ ಗ್ರಾಹಕ ವಲಯಕ್ಕೂ ಈ ನಿಯಮಾನ ಬೇರೆ ಬೇರೆ ಬರೀಬೇಕು, ಸಾಲುಗಳು ಜಾಸ್ತಿ ಆಗುತ್ತೆ ನಿಜ, ಓಡೋ ಟೈಮ್ ಮಾತ್ರ ಇಳಿಯುತ್ತೆ.

ಇಷ್ಟು ಗಣಿತದ ಕಡೆ. ಹೊರದೇಶದ ವ್ಯಾಪಾರದಲ್ಲಿ ಉತ್ತರ ತಿರುಗಿಸೋದು ಗಣಿತಕ್ಕಿಂತ ಹೆಚ್ಚಾಗಿ ನಾವು ಖರ್ಚು ಅಂತ ಏನನ್ನ ಬರೆದಿದೀವಿ ಅನ್ನೋದು.

ಕಾಯಿಲ್ ತಗೊಳ್ಳಿ. ತೈವಾನ್ ಕಾಯಿಲ್ ₹1000, ಆಮದು ಸುಂಕ ಲೆಕ್ಕಕ್ಕೆ 7.5% ಅಂತ ಇಟ್ಕೊಳ್ಳೋಣ, ಇಲ್ಲಿಗೆ ಬರೋಷ್ಟೊತ್ತಿಗೆ ₹1075. ಥಾಯ್ಲೆಂಡ್ ಕಾಯಿಲ್ ₹1040, ಆದ್ರೆ 2010ರ ಜನವರಿ 1ರಿಂದ ಜಾರಿಯಲ್ಲಿರೋ ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಗುಂಪು) ಒಪ್ಪಂದದ ಕೆಳಗೆ ಸುಂಕ ಸೊನ್ನೆ ಅಂತ ಹಿಡೀರಿ, ₹1040ಕ್ಕೇ ನಿಲ್ಲುತ್ತೆ. ತೈವಾನ್ ಜೊತೆ ನಮಗೆ ಅಂಥ ಒಪ್ಪಂದ ಇಲ್ಲ. ಹಾಗಾದ್ರೆ ಥಾಯ್ಲೆಂಡೇ ಅಗ್ಗ ಅಂತ ಪರ್ಚೇಸ್‌ನೋರು ಹೇಳ್ತಾರೆ. ಆದ್ರೆ ಆ ಕಾಯಿಲ್ ಕೂರೋ ವಾಲ್ವ್ ಜರ್ಮನಿಗೆ ಹೋಗೋದಾದ್ರೆ? 1962ರ ಕಸ್ಟಮ್ಸ್ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕಟ್ಟಿದ ಸುಂಕ ಡ್ರಾಬ್ಯಾಕ್ ಆಗಿ ವಾಪಸ್ ಬರುತ್ತೆ, ಪೂರ್ತಿ ಬಂತು ಅಂದ್ರೆ ತೈವಾನ್ ಕಾಯಿಲ್ ಬೆಲೆ ಮತ್ತೆ ₹1000. ಅಂದ್ರೆ ಪುಣೆಗೆ ಹೋಗೋ ವಾಲ್ವಿಗೆ ಥಾಯ್ಲೆಂಡ್ ಕಾಯಿಲ್, ಜರ್ಮನಿಗೆ ಹೋಗೋ ಅದೇ ವಾಲ್ವಿಗೆ ತೈವಾನ್ ಕಾಯಿಲ್! ಪೀಸಿಗೆ ಇಷ್ಟು ಅಂತ ಒಂದೇ ಸರಾಸರಿ ಸುಂಕ ಹಾಕೋ ಮಾಡೆಲ್ ಇದನ್ನ ಯಾವತ್ತೂ ಹೇಳಲ್ಲ. ಹಾಗಾಗಿ ಮಾಲಿನ ಹರಿವಿಗೆ "ಯಾವ ದೇಶದಿಂದ ಬಂದು ಯಾವ ದೇಶಕ್ಕೆ ಹೋಯ್ತು" ಅನ್ನೋ ಗುರುತು ಕೊನೆತನಕ ಅಂಟಿಕೊಂಡಿರಬೇಕು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಅನ್ನೋ ಕಂಪ್ಯೂಟರ್ ಕಂಪನಿ ತೊಂಬತ್ತರ ದಶಕದಲ್ಲಿ ಮಾಡಿಸಿದ ಜಾಗತಿಕ ಮಾಡೆಲ್‌ನಲ್ಲೂ ಸುಂಕ, ಡ್ರಾಬ್ಯಾಕ್, ಸ್ಥಳೀಯ ಅಂಶದ ಷರತ್ತು ಎಲ್ಲಾ ಒಳಗೇ ಇತ್ತು, 1995ರಲ್ಲಿ ಅದರ ವಿವರ ಪ್ರಕಟ ಆದಾಗ 10 ಕೋಟಿ ಡಾಲರಿಗಿಂತ ಜಾಸ್ತಿ ಉಳಿತಾಯ ಅಂತ ಬರೆದಿದ್ರು.

ಆಸಿಯಾನ್ ರಿಯಾಯಿತಿ ಸುಮ್ಮನೆ ಸಿಗಲ್ಲ ಅನ್ನೋದನ್ನೂ ಸೇರಿಸ್ಬೇಕು. ಸಾಮಾನ್ಯ ನಿಯಮದಲ್ಲಿ 35% ಮೌಲ್ಯ ಅಲ್ಲೇ ಸೇರಿರಬೇಕು, ಮತ್ತೆ 2020ರ ಸೆಪ್ಟೆಂಬರಿಂದ ಬಂದ ಕರೋಟಾರ್ ನಿಯಮದ ಪ್ರಕಾರ ಮೂಲದ ಮಾಹಿತಿ ಆಮದುದಾರರೇ ಕೈಯಲ್ಲಿ ಇಟ್ಕೊಂಡಿರಬೇಕು, ಕೇಳಿದಾಗ ಕೊಡೋಕಾಗ್ಲಿಲ್ಲ ಅಂದ್ರೆ ರಿಯಾಯಿತಿ ಹೋಯ್ತು. ಆ ಕಾಗದ ಪತ್ರದ ಖರ್ಚನ್ನ ಥಾಯ್ಲೆಂಡ್ ಸಪ್ಲೈಯರ್ ಮೇಲೆ ವರ್ಷದ ನಿಗದಿ ಖರ್ಚಾಗಿ ಹಾಕಿದ್ವಿ.

ದೇಶದೊಳಗಿನ ಭಾಗ ಬೇಗ ಮುಗೀತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬರೋ ಮುಂಚೆ 2% ಸಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಮಾರಿದ್ರೆ ಬೀಳ್ತಿದ್ದ ಕೇಂದ್ರ ಮಾರಾಟ ತೆರಿಗೆ) ತಪ್ಪಿಸೋಕೆ ಅಂತ ರಾಜ್ಯಕ್ಕೊಂದು ಡಿಪೋ ಇಡ್ತಿದ್ರಲ್ಲ, ಆ ಕಾಲದ ಪುಟ್ಟ ಪುಟ್ಟ ಡಿಪೋಗಳು ಇವರಲ್ಲಿ ಇನ್ನೂ ಇದ್ವು. ಮಾಡೆಲ್ ಪುಣೆ ಒಂದನ್ನ ಉಳಿಸಿ ಮಿಕ್ಕಿದ್ದೆಲ್ಲ ಮುಚ್ಚು ಅಂತು, ಯಾರೂ ತಕರಾರು ಮಾಡ್ಲಿಲ್ಲ.

ಡಿಸ್ಪ್ಯಾಚ್ ಬೇಯಲ್ಲಿ ಕಳೆದ ಒಂದು ಸಂಜೆ ಮಾಡೆಲ್‌ಗೆ ತುಂಬಾ ಉಪಯೋಗ ಆಯ್ತು. ಹಗಲು ಹೊತ್ತು ದೊಡ್ಡ ಗಾಡಿಗಳಿಗೆ ಊರೊಳಗೆ ನಿರ್ಬಂಧ ಇರೋದ್ರಿಂದ ಕಂಟೇನರ್ ಲಾರಿ ರಾತ್ರಿ ಹೊರಡುತ್ತೆ, ತುಂಬೋ ಕೆಲಸ ಸಂಜೆ ನಾಲ್ಕಕ್ಕೆ ಶುರು. ಬಾಗಿಲು ತೆರೆದ ಇಪ್ಪತ್ತಡಿ ಡಬ್ಬದೊಳಗೆ ಫೋರ್ಕ್‌ಲಿಫ್ಟ್ ಪ್ಯಾಲೆಟ್ ಇಡ್ತಾ ಬಂತು, ಪೈನ್ ಮರದ ಕ್ರೇಟು, ಒಳಗೆ ತುಕ್ಕು ಹಿಡೀದಿರೋ ನೀಲಿ ಕವರು, ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿದು. ಒಂದೇ ಪದರ ಆಗಿತ್ತು, ಮೇಲೆ ಡಬ್ಬದ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ. ಇನ್ನೊಂದು ಪದರ ಯಾಕೆ ಹಾಕಲ್ಲ ಅಂದೆ.

"ಸಾರ್, ತೂಕ ಮುಗೀತು. ನಿಮ್ ಕಂಪ್ಯೂಟರ್‌ಗೆ ನಲವತ್ತಡಿ ಡಬ್ಬ ಅಂತ ಹಾಕ್ಬೇಡಿ, ಅದು ಬಟ್ಟೆ ಕಳ್ಸೋರಿಗೆ. ನಮ್ದು ಕಬ್ಬಿಣ" ಅಂದ್ರು ಡಿಸ್ಪ್ಯಾಚ್ ನೋಡ್ಕೊಳ್ಳೋ ಅಣ್ಣ, ವೇ ಬ್ರಿಡ್ಜ್ ಚೀಟಿ ಕೈಗಿಟ್ಟು. 2016ರ ಜುಲೈಯಿಂದ ತೂಕ ದೃಢೀಕರಿಸದೆ ಯಾವ ಕಂಟೇನರನ್ನೂ ಹಡಗಿಗೆ ಹತ್ತಿಸೋಹಾಗಿಲ್ಲ, ಆ ಚೀಟಿ ಇಲ್ಲದೆ ಡಬ್ಬ ಕದಲಲ್ಲ. ಲೆಕ್ಕ ಹಾಕಿದ್ರೆ ಅವರು ಹೇಳಿದ್ದು ಸರಿ. ಎರಕದ ಕಬ್ಬಿಣ ಘನಮೀಟರಿಗೆ ಸುಮಾರು 7.2 ಟನ್, 25 ಟನ್ ಅಂದ್ರೆ ಗಟ್ಟಿ ಲೋಹವಾಗಿ ಮೂರೂವರೆ ಘನಮೀಟರ್ ಅಷ್ಟೆ, ಡಬ್ಬದ ಒಳಗಿರೋ ಜಾಗ 33 ಘನಮೀಟರ್. ಫಾರ್ವರ್ಡರ್ (ಸಾಗಣೆ ಏಜೆಂಟ್) ಕೊಟ್ಟ ರೇಟ್ ಶೀಟ್‌ನಲ್ಲಿ ನಲವತ್ತಡಿದು ಘನಮೀಟರ್ ಲೆಕ್ಕದಲ್ಲಿ ಅಗ್ಗ ಕಾಣ್ತಿತ್ತು, ಆ ಲೆಕ್ಕ ನಂಬಿ ಮಾಡೆಲ್ ಓಡಿಸಿದ್ರೆ ಸಾಗಣೆ ಖರ್ಚು ಶುರುವಲ್ಲೇ ಸುಳ್ಳಾಗ್ತಿತ್ತು. ಹಾಗಾಗಿ ಸಾಗಣೆ ಖರ್ಚನ್ನ ಟನ್ ಮಿತಿ ಇಟ್ಟು ಡಬ್ಬಕ್ಕೆ ಇಷ್ಟು ಅಂತ ಪೂರ್ಣಾಂಕದಲ್ಲಿ ಹಾಕಿದ್ವಿ, ಅರ್ಧ ಡಬ್ಬಕ್ಕೂ ಪೂರ್ತಿ ಬಾಡಿಗೆ.

ಬಂದರಿನ ವಿಷಯದಲ್ಲೂ ಅವರದೇ ಅನುಭವ ಕೆಲಸಕ್ಕೆ ಬಂತು. ಚೆನ್ನೈ, ಮಂಗಳೂರು ಎರಡೂ ಇಲ್ಲಿಂದ ಸುಮಾರು 350 ಕಿಲೋಮೀಟರ್, ಮುಂಬೈ ಹತ್ರದ ನವಾ ಶೇವಾ ಸಾವಿರದ ಹತ್ರ ಹತ್ರ. ಯೂರೋಪಿಗೆ ಹೋಗೋ ಹಡಗು ಪಶ್ಚಿಮ ಕರಾವಳಿಯಿಂದ ಹೊರಟ್ರೆ ಶ್ರೀಲಂಕಾ ಸುತ್ತಬೇಕಾಗಿಲ್ಲ, ನಕ್ಷೆ ನೋಡಿದ್ರೆ ಮಂಗಳೂರೇ ಸರಿ ಅನ್ಸತ್ತೆ. ಆದ್ರೆ ಚೆನ್ನೈಯಲ್ಲಿ ಹಡಗು ಜಾಸ್ತಿ, ವೈಟ್‌ಫೀಲ್ಡ್ ಐಸಿಡಿಯಿಂದ (ಒಳನಾಡಿನ ಕಂಟೇನರ್ ಡಿಪೋ) ರೈಲಿದೆ, ಕಸ್ಟಮ್ಸ್ ಇಲ್ಲೇ ಮುಗಿಯುತ್ತೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ನೆಚ್ಚಿಕೊಳ್ಳೋ ಹಾಗಿಲ್ಲ, 2018ರಲ್ಲೂ 2024ರಲ್ಲೂ ಗುಡ್ಡ ಕುಸಿದು ಗಾಡಿಗಳು ನಿಂತಿದ್ದು ಎಲ್ಲರಿಗೂ ನೆನಪಿದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು ದಾರಿಗೆ ದಿನದ ಸಂಖ್ಯೆ ಅದೇ ಇಟ್ಟು ಏರುಪೇರು ಮಾತ್ರ ಜಾಸ್ತಿ ಮಾಡಿದ್ವಿ.

ಏರುಪೇರು ಅಂದ್ನಲ್ಲ, ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ಸಿದ್ದು ಅದೇ, ಸ್ವಲ್ಪ ನಿಧಾನವಾಗಿ ನೋಡೋಣ. ಒಂದು ವಾಲ್ವ್ ಮಾಡೆಲ್‌ಗೆ ವಾರಕ್ಕೆ ಸರಾಸರಿ 400 ಬೇಡಿಕೆ, ಏರಿಳಿತ (ಸ್ಟ್ಯಾಂಡರ್ಡ್ ಡೀವಿಯೇಷನ್) 120. ಮಾಲು ತಲುಪೋಕೆ 9 ವಾರ. 95% ಸಲ ಸ್ಟಾಕ್ ಖಾಲಿ ಆಗಬಾರದು ಅಂದ್ರೆ 1.65 × 120 × √9, ಅಂದ್ರೆ 594 ಪೀಸು ಸುರಕ್ಷತೆಗೆ ಅಂತ ಇಟ್ಟಿರಬೇಕು (1.65 ಅನ್ನೋದು ಆ 95%ಕ್ಕೆ ಸಂಖ್ಯಾಶಾಸ್ತ್ರ ಕೊಡೋ ಗುಣಕ). ಇದು 9 ವಾರ ಅಂದ್ರೆ ಕರಾರುವಾಕ್ಕಾಗಿ 9 ವಾರ ಆಗೋ ಪ್ರಪಂಚದ ಲೆಕ್ಕ. ಹಡಗು ಒಂದು ವಾರ ಆಚೆ ಈಚೆ ಆಗುತ್ತೆ ಅಂತ ಸೇರಿಸಿದ್ರೆ ಬೇಡಿಕೆಯ ಏರಿಳಿತ ಮತ್ತೆ ದಾರಿಯ ಏರಿಳಿತ ಎರಡನ್ನೂ ಕೂಡಿಸಬೇಕು, 9 × 120 × 120 ಒಂದು ಕಡೆ, 400 × 400 × 1 ಇನ್ನೊಂದು ಕಡೆ, ಕೂಡಿಸಿ ವರ್ಗಮೂಲ ತೆಗೆದ್ರೆ 538, 1.65ರಿಂದ ಗುಣಿಸಿದ್ರೆ 888 ಪೀಸು. ಈಗ ದಾರಿ ಎರಡು ವಾರ ಉದ್ದ ಆಯ್ತು, 11 ವಾರ, ಏರುಪೇರು ಒಂದೇ ವಾರ ಅಂತ ಇಟ್ಕೊಳ್ಳಿ, 931. ಜಾಸ್ತಿ ಆಗಿದ್ದು 43 ಪೀಸು. ಬದಲಿಗೆ ದಾರಿ 9 ವಾರವೇ ಇದ್ದು ಏರುಪೇರು ಒಂದರಿಂದ ಎರಡು ವಾರ ಆಯ್ತು ಅಂದ್ರೆ? 1447. ಒಂದೇ ಏಟಿಗೆ 559 ಪೀಸು ಏರಿತು!

2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಬಹಳಷ್ಟು ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾದ ಕೇಪ್ ಆಫ್ ಗುಡ್ ಹೋಪ್ ಸುತ್ತಿ ಹೋಗೋಕೆ ಶುರು ಮಾಡಿದ್ವು, 10ರಿಂದ 14 ದಿನ ಜಾಸ್ತಿ. ಎಲ್ಲರೂ ಆ ದಿನಗಳನ್ನೇ ಎಣಿಸ್ತಿದ್ರು. ದಿನ ಜಾಸ್ತಿ ಆಗಿದ್ದಕ್ಕೂ ಖರ್ಚಿದೆ, ವರ್ಷಕ್ಕೆ ₹40 ಕೋಟಿ ಮಾಲು ಯೂರೋಪಿಗೆ ಹೋಗ್ತಿದ್ರೆ 15 ದಿನ ಜಾಸ್ತಿ ಅಂದ್ರೆ ₹1.64 ಕೋಟಿ ಮಾಲು ಹೆಚ್ಚುವರಿಯಾಗಿ ಸಮುದ್ರದ ಮೇಲೆ ತೇಲ್ತಿರುತ್ತೆ, 12% ಬಡ್ಡಿ ಲೆಕ್ಕದಲ್ಲಿ ವರ್ಷಕ್ಕೆ ₹19.7 ಲಕ್ಷ. ಆದ್ರೆ ಯಾವ ಹಡಗು ಯಾವ ವಾರ ಬರುತ್ತೋ ಗೊತ್ತಿಲ್ಲ ಅನ್ನೋ ಸ್ಥಿತಿ ಅದಕ್ಕಿಂತ ದುಬಾರಿ, ಅದು ಫಾರ್ವರ್ಡರ್ ಇನ್‌ವಾಯ್ಸಲ್ಲಿ ಎಲ್ಲೂ ಕಾಣಲ್ಲ. ರೇಟ್ ಸ್ವಲ್ಪ ಜಾಸ್ತಿ ಆದ್ರೂ ಸಮಯಕ್ಕೆ ಸರಿಯಾಗಿ ಬರೋ ಲೈನ್ ಹಿಡೀರಿ ಅಂತ ನಾನು ಎಲ್ಲರಿಗೂ ಹೇಳೋದು ಈ ಲೆಕ್ಕದ ಮೇಲೇನೇ.

ವರ್ಗಮೂಲ ಇರೋದ್ರಿಂದ ಇದನ್ನ ನೇರವಾಗಿ ಲೀನಿಯರ್ ಮಾಡೆಲ್‌ಗೆ ಹಾಕೋಕಾಗಲ್ಲ. ಪ್ರತಿ ಗೋಡೌನ್, ಪ್ರತಿ ದಾರಿಗೂ ಬೇಕಾಗೋ ಸ್ಟಾಕ್ ಮೊದಲೇ ಲೆಕ್ಕ ಹಾಕಿ ಟೇಬಲ್ ಮಾಡಿಕೊಂಡು, ಬಾಗಿದ ಗೆರೇನ ನಾಲ್ಕೈದು ನೇರ ತುಂಡಾಗಿ ಒಡೆದು ಕೊಟ್ವಿ. ಎರಡು ಗೋಡೌನ್ ಬದಲು ಒಂದೇ ಇಟ್ರೆ ಏನಾಗುತ್ತೆ ಅನ್ನೋದೂ ಆಗ ತಾನಾಗೇ ಬಂತು: ಎರಡು ಕಡೆ 594ರಂತೆ 1188 ಇಡೋ ಬದಲು, ಬೇಡಿಕೆಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಏರಿಳಿದ್ರೆ, ಒಂದೇ ಕಡೆ 840 ಸಾಕು. ಯೂರೋಪಲ್ಲಿ ಎರಡು ಗೋಡೌನ್ ಅನ್ನೋ ಆಯ್ಕೆ ಅಲ್ಲಿಗೆ ಬಿದ್ದೋಯ್ತು.

ರೋಟರ್‌ಡ್ಯಾಮಾ ಹ್ಯಾಂಬರ್ಗಾ ಅನ್ನೋದ್ರಲ್ಲಿ ಓನರ್‌ಗೆ ಹ್ಯಾಂಬರ್ಗ್ ಮೇಲೆ ಒಲವಿತ್ತು, ಗ್ರಾಹಕರು ಜರ್ಮನಿಯವರಲ್ವಾ ಅಂತ. ಮಾಡೆಲ್ ರೋಟರ್‌ಡ್ಯಾಮ್ ಅಂತು, ಕಾರಣ ದೂರಕ್ಕಿಂತ ಹೆಚ್ಚಾಗಿ ವ್ಯಾಟ್. ನೆದರ್‌ಲ್ಯಾಂಡ್ಸಲ್ಲಿ ಆರ್ಟಿಕಲ್ 23 ಪರವಾನಗಿ ಅಂತಿದೆ, ಅಲ್ಲಿನ ತೆರಿಗೆ ಪ್ರತಿನಿಧಿ ಮೂಲಕ ಹೋದ್ರೆ ಆಮದಿನ ವ್ಯಾಟನ್ನ ಬಂದರಲ್ಲೇ ಕಟ್ಟೋ ಬದಲು ರಿಟರ್ನ್‌ನಲ್ಲಿ ತೋರಿಸಿ ಹೊಂದಿಸ್ಕೋಬಹುದು. ಜರ್ಮನಿಯಲ್ಲಿ 19% ಕಟ್ಟಿ ಆಮೇಲೆ ವಾಪಸ್ ಪಡೀಬೇಕು. ವಾಪಸ್ ಬರುತ್ತಲ್ಲ, ಖರ್ಚೇನು ಅಂತ ಅನ್ಸಬಹುದು, ₹40 ಕೋಟಿ ಮೇಲೆ 19% ಅಂದ್ರೆ ₹7.6 ಕೋಟಿ, ಅದು 60 ದಿನ ಸಿಕ್ಕಿಕೊಂಡ್ರೆ ಯಾವಾಗಲೂ ₹1.25 ಕೋಟಿ ಹೊರಗೆ, ಬಡ್ಡಿ ವರ್ಷಕ್ಕೆ ₹15 ಲಕ್ಷ. ರೋಟರ್‌ಡ್ಯಾಮಿಂದ ದಕ್ಷಿಣ ಜರ್ಮನಿಗೆ ರೈನ್ ನದಿ ಬಾರ್ಜೂ ಇದೆ, ಭಾರದ ಮಾಲಿಗೆ ಅದು ಹೇಳಿ ಮಾಡಿಸಿದ್ದು. ಸ್ವಂತ ಕಂಪನಿ ತೆರೆಯೋದು ಬೇಡ ಅಂತ ಮೊದಲೇ ಆಗಿತ್ತು, ತೆರೆದಿದ್ರೆ ಎರಡು ಕಂಪನಿ ನಡುವಿನ ಬೆಲೆಗೆ ಟ್ರಾನ್ಸ್‌ಫರ್ ಪ್ರೈಸಿಂಗ್ ನಿಯಮ ಬರುತ್ತೆ, ಬೆಲೆಯೂ ತೀರ್ಮಾನ ಹರಿವೂ ತೀರ್ಮಾನ ಆಗಿ ಎರಡರ ಗುಣಾಕಾರ ಮಾಡೆಲ್ ಒಳಗೆ ಬರುತ್ತೆ, ಅದು ಬೇರೆಯದೇ ಗಾತ್ರದ ಕಷ್ಟ.

ಓಡಿಸಿದ್ವಿ. ಮೊದಲ ಉತ್ತರ: ವಸಂತನರಸಾಪುರ ಪ್ಲಾಂಟ್ ಇರಲಿ, ರೋಟರ್‌ಡ್ಯಾಮ್ ಗೋಡೌನ್ ಇರಲಿ, ಅಮೆರಿಕದ ಗೋಡೌನ್ ಬೇಡ, ಅಲ್ಲಿಗೆ ನೇರ ಕಳಿಸಿ. ಇದರ ಲಾಭಾನ 100 ಅಂತ ಇಟ್ಕೊಂಡ್ರೆ ಓನರ್ ಪ್ಲಾನ್ 94. ಒಂದು ಅಂಕ ಅಂದ್ರೆ ಸುಮಾರು ₹28 ಲಕ್ಷ, ಹಾಗಾಗಿ ಅಮೆರಿಕದ ಗೋಡೌನ್ ಆಸೆಯ ಬೆಲೆ ವರ್ಷಕ್ಕೆ ₹1.68 ಕೋಟಿ. "ಅಷ್ಟು ದುಡ್ಡಲ್ಲಿ ಅರ್ಜೆಂಟ್ ಮಾಲೆಲ್ಲ ದೇವನಹಳ್ಳಿಯಿಂದ ವಿಮಾನದಲ್ಲೇ ಕಳಿಸಬಹುದಲ್ಲ ಸಾರ್" ಅಂದ್ರು ಓನರ್, ಅಲ್ಲಿಗೆ ಆ ಚರ್ಚೆ ಮುಗೀತು.

ಆಮೇಲೆ ಮೊದಲ ಉತ್ತರಾನ ನಿಷೇಧಿಸಿ ಮತ್ತೆ ಓಡಿಸಿದ್ವಿ. ಇದಕ್ಕೆ ಒಂದು ಸಾಲು ಸಾಕು: ಆ ಉತ್ತರದಲ್ಲಿ ತೆರೆದಿದ್ದು ಒಂದಾದ್ರೂ ಮುಚ್ಚಿರಬೇಕು ಇಲ್ಲಾ ಮುಚ್ಚಿದ್ದು ಒಂದಾದ್ರೂ ತೆರೆದಿರಬೇಕು. ಎರಡನೇ ಉತ್ತರ ಬಂತು: ಹೊಸ ಪ್ಲಾಂಟೇ ಬೇಡ, ಹೆಚ್ಚುವರಿ ಮಷಿನಿಂಗ್ ಪೀಣ್ಯದ ಸುತ್ತಮುತ್ತಲಿನ ಜಾಬ್ ವರ್ಕ್ ಶೆಡ್‌ಗಳಿಗೆ ಕೊಡಿ, ರೋಟರ್‌ಡ್ಯಾಮ್ ಹಾಗೇ ಇರಲಿ. ಲಾಭ 98. ಜಾಬ್ ವರ್ಕ್‌ಗೆ ಮಾಲು ಕಳಿಸೋಕೆ ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ ದಾರಿ ಕೊಟ್ಟಿದೆ, ಒಂದು ವರ್ಷದೊಳಗೆ ವಾಪಸ್ ಬಂದ್ರೆ ಹೋಗೋವಾಗ ತೆರಿಗೆ ಕಟ್ಟಬೇಕಾಗಿಲ್ಲ. ಎರಡು ಅಂಕದ ವ್ಯತ್ಯಾಸ ಅಂದ್ರೆ ₹56 ಲಕ್ಷ. ಮುಂದಿನ ವರ್ಷದ ಬೇಡಿಕೆ ಅಂದಾಜಲ್ಲೇ ಅದಕ್ಕಿಂತ ದೊಡ್ಡ ಅನುಮಾನ ಇದೆ, ಅಂದ್ಮೇಲೆ ಮೊದಲನೇದು ಗೆದ್ದಿದೆ ಅಂತ ಹೇಳೋಕೆ ನನಗೆ ಧೈರ್ಯ ಬರಲ್ಲ.

ಹಾಗಾಗಿ ಈ ಎರಡು ಉತ್ತರ, ಜೊತೆಗೆ ಓನರ್ ಪ್ಲಾನ್, ಮೂರನ್ನೂ ಮೂರು ಪರಿಸ್ಥಿತಿಯಲ್ಲಿ ಹಾಕಿ ನೋಡಿದ್ವಿ. ಸೂಯೆಜ್ ತೆರೆದಿದೆ, ಅಮೆರಿಕದ ಸುಂಕ ಕಡಿಮೆ ಇದೆ ಅನ್ನೋದು ಒಂದು. ಹಡಗು ಆಫ್ರಿಕಾ ಸುತ್ತುತ್ತೆ, ಸುಂಕ ಕಡಿಮೆ ಅನ್ನೋದು ಎರಡನೇದು. ಆಫ್ರಿಕಾ ಸುತ್ತೂ ಇದೆ, ಅಮೆರಿಕದ ಸುಂಕ 50% ಅನ್ನೋದು ಮೂರನೇದು. ಮೂರನೇದು ಅತಿರೇಕ ಅನ್ನೋ ಹಾಗಿಲ್ಲ, 2025ರ ಆಗಸ್ಟ್ 27ರಿಂದ ನಮ್ಮ ದೇಶದ ಬಹಳಷ್ಟು ಸರಕಿನ ಮೇಲೆ ಅಷ್ಟೇ ಬಿತ್ತು. ಇಲ್ಲೊಂದು ಎಚ್ಚರ ಬೇಕು: ಬೇಡಿಕೆ ಕುಸಿಯೋ ಪರಿಸ್ಥಿತಿ ಇದ್ದಾಗ ಖರ್ಚು ಕಡಿಮೆ ಮಾಡು ಅಂತ ಮಾಡೆಲ್‌ಗೆ ಹೇಳಬಾರದು, ಮಾಲೇ ಮಾರದಿದ್ರೆ ಖರ್ಚು ಎಲ್ಲಕ್ಕಿಂತ ಕಡಿಮೆ ಅಲ್ವಾ, ಅದಕ್ಕೇ ಲಾಭ ಜಾಸ್ತಿ ಮಾಡು ಅಂತಾನೇ ಕೊಡಬೇಕು.

ಪ್ಲಾಂಟ್ ಇರೋ ಪ್ಲಾನ್‌ಗೆ 100, 95, 66. ಜಾಬ್ ವರ್ಕ್ ಪ್ಲಾನ್‌ಗೆ 98, 93, 72. ಓನರ್ ಪ್ಲಾನ್‌ಗೆ 94, 90, 58. ಆಯಾ ಪರಿಸ್ಥಿತಿಯಲ್ಲಿ ಅತಿ ಒಳ್ಳೇ ಪ್ಲಾನ್‌ಗಿಂತ ಎಷ್ಟು ಹಿಂದೆ ಬಿದ್ವಿ ಅಂತ ನೋಡಿ. ಪ್ಲಾಂಟ್ ಪ್ಲಾನ್ ಕೆಟ್ಟ ಕಾಲದಲ್ಲಿ 6 ಅಂಕ ಹಿಂದೆ, ಓನರ್ ಪ್ಲಾನ್ 14. ಜಾಬ್ ವರ್ಕ್ ಯಾವ ಕಾಲದಲ್ಲೂ 2ಕ್ಕಿಂತ ಹಿಂದೆ ಬೀಳಲ್ಲ. ಕಾರಣ ಬಿಡಿಸಿ ಹೇಳೋಕೆ ಸಾಲ್ವರ್ ಬೇಡ, ಪ್ಲಾಂಟಿಗೆ ವರ್ಷಕ್ಕೆ ₹2.8 ಕೋಟಿ ನಿಗದಿ ಖರ್ಚು, ಜಾಬ್ ವರ್ಕ್‌ಗೆ ಪೀಸಿಗೆ ₹140 ಜಾಸ್ತಿ, ಭಾಗಿಸಿದ್ರೆ 2 ಲಕ್ಷ ಪೀಸು. ಒಳ್ಳೇ ಕಾಲದಲ್ಲಿ 2.4 ಲಕ್ಷ ಪೀಸು ಹೀಗೆ ಶೆಡ್‌ಗಳಿಗೆ ಹೋಗುತ್ತೆ, ಪ್ಲಾಂಟ್ ₹56 ಲಕ್ಷ ಉಳಿಸುತ್ತೆ. ಅಮೆರಿಕ ಕುಸಿದು 80,000ಕ್ಕೆ ಬಂದ್ರೆ ಅದೇ ಪ್ಲಾಂಟ್ ₹1.68 ಕೋಟಿ ನುಂಗುತ್ತೆ. ಗೆದ್ರೆ ಒಂದು ಪಾಲು, ಸೋತ್ರೆ ಮೂರು ಪಾಲು.

ಮೀಟಿಂಗಲ್ಲಿ ಓನರ್ ಸುಮಾರು ಹೊತ್ತು ಆ ಒಂಬತ್ತು ಸಂಖ್ಯೆ ನೋಡ್ತಾ ಕೂತಿದ್ರು. ಪ್ಲಾಂಟ್ ಆಸೆ ಬರೀ ಲೆಕ್ಕದ್ದಾಗಿರಲಿಲ್ಲ, ಮಗ ಓದು ಮುಗಿಸಿ ಬಂದಿದಾನೆ, ಅವನ ಕೈಗೆ ಒಂದು ಹೊಸ ಜಾಗ ಕೊಡಬೇಕು ಅನ್ನೋದಿತ್ತು. ಅದನ್ನ ತಪ್ಪು ಅನ್ನೋಕೆ ನಾನ್ಯಾರು, ಮನೆತನದ ಕಂಪನಿಯಲ್ಲಿ ಅದೂ ಒಂದು ನಿಜವಾದ ಕಾರಣ, ಅದರ ಬೆಲೆ ಗೊತ್ತಿರಬೇಕು ಅಷ್ಟೆ. "ಅಪ್ಪಾ, ಶೆಡ್‌ನೋರ್ ಕ್ವಾಲಿಟಿ ನಾನ್ ನೋಡ್ಕೋತೀನಿ ಬಿಡಿ, ಆಡಿಟ್‌ಗೆ ಅವ್ರನ್ನ ರೆಡಿ ಮಾಡೋದೇ ಒಂದು ಪ್ಲಾಂಟ್ ನಡೆಸಿದಷ್ಟು ಕೆಲ್ಸ" ಅಂದ ಮಗ. ಅವನು ಹೇಳಿದ್ದು ನಿಜ, ಪೀಣ್ಯದ ಶೆಡ್‌ಗಳಲ್ಲಿ ಕೈ ಒಳ್ಳೇದಿರುತ್ತೆ, ಅಳತೆ ಬರೆದಿಡೋ ಅಭ್ಯಾಸ ಎಲ್ಲರಿಗೂ ಇರಲ್ಲ, ವಿದೇಶಿ ಗ್ರಾಹಕ ಕೇಳೋದು ಆ ಬರಹಾನೇ. ಪಿಪಿಎಪಿ ಖರ್ಚು ಇಡೀ ಲೆಕ್ಕದಲ್ಲಿ ಇದ್ದಿದ್ದು ಒಳ್ಳೇದಾಯ್ತು, ಮಾಡೆಲ್ 24 ಫ್ಯಾಮಿಲಿಯಲ್ಲಿ 9ನ್ನ ಮಾತ್ರ ಹೊರಗೆ ಕಳಿಸು ಅಂದಿತ್ತು, ವಾಲ್ಯೂಮ್ ಜಾಸ್ತಿ ಇರೋವು, ಟಾಲರೆನ್ಸ್ (ಅಳತೆಯಲ್ಲಿ ಒಪ್ಪೋ ವ್ಯತ್ಯಾಸ) ಸಡಿಲ ಇರೋವು.

ತೀರ್ಮಾನ ಆಗಿದ್ದು ಎರಡನೇ ಉತ್ತರ. ಆ 9 ಫ್ಯಾಮಿಲಿ ಹತ್ತಿರದ ಶೆಡ್‌ಗಳಿಗೆ, ರೋಟರ್‌ಡ್ಯಾಮಲ್ಲಿ ಒಂದು ಲಾಜಿಸ್ಟಿಕ್ಸ್ ಕಂಪನಿಯ ಗೋಡೌನಲ್ಲಿ ಪ್ಯಾಲೆಟ್ ಲೆಕ್ಕದಲ್ಲಿ ಜಾಗ, ಒಪ್ಪಂದ ಒಂದೇ ವರ್ಷಕ್ಕೆ. ಅಮೆರಿಕಕ್ಕೆ ನೇರ ಹಡಗು, ತುರ್ತಿಗೆ ವಿಮಾನ. ಮಾಮೂಲಿ ಮಾಲು ವೈಟ್‌ಫೀಲ್ಡ್ ಮೂಲಕ ಚೆನ್ನೈಗೆ, ಮಳೆಗಾಲ ಬಿಟ್ಟು ಮಿಕ್ಕ ತಿಂಗಳಲ್ಲಿ ಸ್ವಲ್ಪ ಪಾಲು ಮಂಗಳೂರಿಗೆ. ಕಾಯಿಲ್ ಎರಡು ದೇಶದಿಂದಲೂ ಬರುತ್ತೆ, ಸ್ಟೋರ್ಸಲ್ಲಿ ರಫ್ತಿನ ರ‍್ಯಾಕ್ ಬೇರೆ, ಲೋಕಲ್ ರ‍್ಯಾಕ್ ಬೇರೆ, ಇದಕ್ಕೆ ಸ್ಟೋರ್ಸ್‌ನೋರು ಮೊದಮೊದಲು ಗೊಣಗಿದ್ರು. ಪ್ಲಾಂಟಿನ ಕಡತ ಮುಚ್ಚಿಲ್ಲ, ಶೆಡ್‌ಗಳಿಗೆ ಹೋಗೋ ಪೀಸು ಸತತ ಎರಡು ತ್ರೈಮಾಸಿಕ ವರ್ಷಕ್ಕೆ 2 ಲಕ್ಷದ ವೇಗ ದಾಟಿದ್ರೆ ಮಾಡೆಲ್ ಮತ್ತೆ ಓಡಿಸೋದು ಅಂತ ಬರೆದಿಟ್ಕೊಂಡಿದಾರೆ.

ಈಗ ಕೈಯಲ್ಲಿರೋದು ಯೂರೋಪಿನ ಕಾರ್ಬನ್ ಗಡಿ ತೆರಿಗೆ, ಸಿಬ್ಯಾಮ್. 2023ರ ಅಕ್ಟೋಬರಿಂದ ಬರೀ ವರದಿ ಕೊಡಬೇಕಿತ್ತು, 2026ರ ಜನವರಿಯಿಂದ ದುಡ್ಡಿನ ಹೊಣೆ ಶುರು. ಮಷಿನಿಂಗ್ ಆಗಿ ಜೋಡಿಸಿದ ವಾಲ್ವ್ ಕಸ್ಟಮ್ಸ್ ವರ್ಗೀಕರಣದ 84ನೇ ಅಧ್ಯಾಯದ ಸರಕು, ಅದು ಸಿಬ್ಯಾಮ್ ಪಟ್ಟಿಯಲ್ಲಿಲ್ಲ, ಆದ್ರೆ ಬಿಡಿಯಾಗಿ ಕಳಿಸೋ ಸ್ಕ್ರೂ, ಬೋಲ್ಟ್, ನಟ್ ಪಟ್ಟಿಯಲ್ಲಿವೆ. ಹಾಗಾಗಿ ಸ್ಪೇರ್ ಕಿಟ್‌ಗಳನ್ನ ಇಲ್ಲೇ ಜೋಡಿಸಬೇಕಾ, ಇಲ್ಲಾ ಫಾಸ್ಟನರ್ ಮಾತ್ರ ರೋಟರ್‌ಡ್ಯಾಮಲ್ಲೇ ಕೊಂಡು ಅಲ್ಲೇ ಸೇರಿಸಬೇಕಾ ಅನ್ನೋ ಹೊಸ ಹೌದು-ಅಲ್ಲ ತೀರ್ಮಾನ ಮಾಡೆಲ್‌ಗೆ ಸೇರಿದೆ. ಫಾಸ್ಟನರ್ ಸಪ್ಲೈಯರ್ ಹತ್ರ ಟನ್ನಿಗೆ ಎಷ್ಟು ಕಾರ್ಬನ್ ಅಂತ ಕೇಳಿದೀವಿ, ಅವರ ಸಂಖ್ಯೆ ಬಂದ ಮೇಲೆ ಮೊದಲ ಮೂರು ಉತ್ತರಾನೂ ಒಟ್ಟಿಗೆ ತಗೊಂಡು ಮತ್ತೆ ಕೂರ್ತೀವಿ.